ಛಾವಣಿ ಸೋರಿದಾಗ: ದುರಸ್ತಿ ಸಾಕೇ, ತೆಗೆದು ಹೊಸದು ಹಾಕಬೇಕೇ?

ಬೆಂಗಳೂರಿನಲ್ಲಿ ಏಪ್ರಿಲ್ ತಿಂಗಳ ಮೊದಲ ಗುಡುಗು ಮಳೆ ಬಿದ್ದ ಮರುದಿನ ಗಾರೆ ಮೇಸ್ತ್ರಿಗಳಿಗೆ ಬರುವ ಕರೆಗಳೆಲ್ಲ ಹೆಚ್ಚುಕಡಿಮೆ ಒಂದೇ ಬಗೆಯವು. ಮಲಗುವ ಕೋಣೆಯ ಮೂಲೆಯಲ್ಲಿ ತಟ್ಟೆಯಗಲದ ಹಳದಿ ಕಲೆ ಕಾಣಿಸಿಕೊಂಡಿದೆ, ಫ್ಯಾನಿನ ಕೊಕ್ಕೆಯ ಸುತ್ತ ನೀರು ಹನಿಯುತ್ತಿದೆ, ಅಡುಗೆಮನೆಯ ಮೇಲೆ ಬಣ್ಣ ಉಬ್ಬಿ ಸುಲಿದಿದೆ. ಅದರ ಬೆನ್ನಿಗೇ ಬರುವ ಪ್ರಶ್ನೆಯೂ ಒಂದೇ: ಇದ್ದುದನ್ನು ಸರಿಮಾಡಿಸಿದರೆ ಸಾಕೇ, ಛಾವಣಿಯನ್ನೇ ತೆಗೆದು ಹೊಸದಾಗಿ ಹಾಕಿಸಬೇಕೇ? ಈ ಪ್ರಶ್ನೆಗೆ ಮೇಸ್ತ್ರಿ ಒಂದು ಉತ್ತರ ಕೊಡುತ್ತಾರೆ, ವಾಟರ್‌ಪ್ರೂಫಿಂಗ್ ಮಾಡುವವರು ಇನ್ನೊಂದು ಕೊಡುತ್ತಾರೆ, ಹಳೆಯ ಮನೆ ಕೆಡವಿ ಅಂತಸ್ತುಗಳನ್ನು ಎಬ್ಬಿಸಿಕೊಡುವ ಗುತ್ತಿಗೆದಾರರು ಮತ್ತೊಂದು ಕೊಡುತ್ತಾರೆ. ಯಾರಿಗೆ ಯಾವ ಕೆಲಸ ಗೊತ್ತೋ ಅದನ್ನೇ ಅವರು ಮದ್ದೆಂದು ಹೇಳುವುದು ಸಹಜ. ಆದುದರಿಂದ ಅವರನ್ನು ಕರೆಯುವ ಮೊದಲೇ ಮನೆಯವರು ತಾವಾಗಿ ನೋಡಿ, ತಟ್ಟಿ, ಅಳೆದು ತಿಳಿದುಕೊಳ್ಳಬಹುದಾದ ಸಂಗತಿಗಳನ್ನೂ, ಆಮೇಲೆ ಯಾವ ಲಕ್ಷಣಕ್ಕೆ ಯಾವ ದಾರಿ ಸೂಕ್ತ ಎಂಬುದನ್ನೂ ಇಲ್ಲಿ ವಿವರಿಸಿದ್ದೇನೆ.

ಮೊದಲು ಒಂದು ಭೇದ ಮನಸ್ಸಿನಲ್ಲಿರಬೇಕು. ಯಾವುದೇ ಛಾವಣಿಯಲ್ಲಿ ಭಾರ ಹೊರುವ ಭಾಗವೊಂದು, ನೀರು ತಡೆಯುವ ಭಾಗವೊಂದು ಇರುತ್ತದೆ. ಆರ್‌ಸಿಸಿ ತಾರಸಿಯಲ್ಲಿ ಕಾಂಕ್ರೀಟು ಮತ್ತು ಕಂಬಿ ಭಾರ ಹೊರುತ್ತವೆ, ಅವುಗಳ ಮೇಲೆ ಇಳಿಜಾರಿಗಾಗಿ ಹಾಕಿದ ಗಾರೆಯೂ ಲೇಪನವೂ ನೀರು ತಡೆಯುತ್ತವೆ. ಹೆಂಚಿನ ಮನೆಯಲ್ಲಿ ತೊಲೆ ಮತ್ತು ರೀಪುಗಳು ಭಾರ ಹೊರುತ್ತವೆ, ಹೆಂಚು ನೀರು ತಡೆಯುತ್ತದೆ. ನೀರು ತಡೆಯುವ ಭಾಗ ಬಿಸಿಲಿಗೆ, ಮಳೆಗೆ, ಕಾಲ್ತುಳಿತಕ್ಕೆ ಸವೆಯುವುದು ಅದರ ಸ್ವಭಾವ; ಅದನ್ನು ಕೆಲವು ವರ್ಷಗಳಿಗೊಮ್ಮೆ ಬದಲಿಸಲೇಬೇಕು ಮತ್ತು ಅದಕ್ಕಾಗಿ ಛಾವಣಿಯನ್ನು ಕೆಡವಬೇಕಾಗಿಲ್ಲ. ಭಾರ ಹೊರುವ ಭಾಗ ಕೆಟ್ಟಿದ್ದರೆ ಮೇಲೆ ಎಷ್ಟು ಸಲ ಲೇಪನ ಬಳಿದರೂ ಆ ಹಣ ವ್ಯರ್ಥ. ನಾನು ಹತ್ತಿರದಿಂದ ಕಂಡ ತಪ್ಪು ನಿರ್ಧಾರಗಳೆಲ್ಲ ಈ ಎರಡನ್ನು ಬೇರ್ಪಡಿಸಿ ನೋಡದೆ ಆದವು, ನಮ್ಮ ಮನೆಯದೂ ಸೇರಿ.

ಹನುಮಂತನಗರದಲ್ಲಿರುವ ನಮ್ಮ ಮನೆಯನ್ನು ನಮ್ಮ ತಂದೆಯವರು 1983ರಲ್ಲಿ ಕಟ್ಟಿಸಿದರು. ಅಡುಗೆಮನೆಯ ಮೇಲೆ ತೇವ ಕಾಣಿಸಿಕೊಂಡಾಗಲೆಲ್ಲ ತಾರಸಿಗೆ ಬಿಳಿಯ ಲೇಪನ ಬಳಿಸಿದೆವು. ಎಂಟು ವರ್ಷಗಳಲ್ಲಿ ಮೂರು ಸಲ ಬಳಿಸಿದ್ದಾಯಿತು, ಪ್ರತಿ ಸಲವೂ ಬಾಯಿಮಾತಿನ ಗ್ಯಾರಂಟಿ ಸಿಕ್ಕಿತು. ಒಂದು ಬೆಳಿಗ್ಗೆ ಒಲೆಯ ಪಕ್ಕದಲ್ಲಿ ಊಟದ ತಟ್ಟೆಯಷ್ಟು ದೊಡ್ಡ ಕಾಂಕ್ರೀಟು ಹೆಕ್ಕಳೆ ಬಿದ್ದಿತ್ತು. ಮೇಲೆ ನೋಡಿದರೆ ಕಂಬಿಗಳು ಕೆಂಪಗೆ ಹೊರಗೆ ಕಾಣುತ್ತಿದ್ದವು. ಆಗ ಬಂದ ಹಿರಿಯ ಮೇಸ್ತ್ರಿಯೊಬ್ಬರು ಏಣಿ ಹತ್ತಿ ಸಣ್ಣ ಸುತ್ತಿಗೆಯಿಂದ ಮಾಳಿಗೆಯ ಅಡಿಭಾಗವನ್ನು ಗೇಣು ಗೇಣಿಗೂ ತಟ್ಟುತ್ತಾ ಹೋದರು. ಕೆಲವೆಡೆ ಠಣ್ ಎಂದಿತು, ಕೆಲವೆಡೆ ಡಬ್ ಎಂದಿತು. "ಅಮ್ಮ, ಇಲ್ಲಿ ಕೇಳಿ, ಇದು ಒಳಗೆ ಬಿಟ್ಟುಕೊಂಡಿದೆ" ಎಂದು ಹೇಳಿ, ಡಬ್ ಎಂದ ಜಾಗಗಳಿಗೆಲ್ಲ ಇದ್ದಿಲಿನಿಂದ ಗೆರೆ ಎಳೆದರು. ಅಡುಗೆಮನೆಯ ಮುಕ್ಕಾಲು ಭಾಗ ಆ ಗೆರೆಯೊಳಗೆ ಬಂತು. ಹಜಾರದಲ್ಲಿ ಒಂದು ಮೂಲೆ ಮಾತ್ರ. ಮಲಗುವ ಕೋಣೆಗಳಲ್ಲಿ ಏನೂ ಇರಲಿಲ್ಲ. ಕೊನೆಗೆ ನಾವು ಅಡುಗೆಮನೆಯ ತಾರಸಿಯನ್ನಷ್ಟೇ ತೆಗೆದು ಹೊಸದಾಗಿ ಹಾಕಿಸಿದೆವು, ಹಜಾರವನ್ನು ದುರಸ್ತಿ ಮಾಡಿಸಿದೆವು, ಉಳಿದುದಕ್ಕೆ ಹೊಸ ಲೇಪನ ಸಾಕಾಯಿತು. ಇಡೀ ಮನೆಗೆ ಒಂದೇ ಉತ್ತರ ಹುಡುಕುವ ಬದಲು ಒಂದೊಂದು ಕೋಣೆಗೂ ಪ್ರತ್ಯೇಕವಾಗಿ ಉತ್ತರ ಹುಡುಕಬೇಕು ಎಂಬುದನ್ನು ಆ ಇದ್ದಿಲಿನ ಗೆರೆಗಳಿಂದ ಕಲಿತೆ.

ನೀರು ಎಲ್ಲಿಂದ ಬರುತ್ತಿದೆ

ದುರಸ್ತಿಯೋ ಬದಲಾವಣೆಯೋ ಎಂದು ಯೋಚಿಸುವ ಮೊದಲು ಸೋರಿಕೆ ಛಾವಣಿಯದೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಕಲೆಯ ಅಂಚಿನ ಮೇಲೆ ಪೆನ್ಸಿಲ್ಲಿನಿಂದ ಗೆರೆ ಎಳೆದು ತಾರೀಖು ಬರೆದಿಡಿ. ಮಳೆ ಬಂದ ಮರುದಿನ ಕಲೆ ಗೆರೆ ದಾಟಿ ಹರಡಿದರೆ ದೋಷ ತಾರಸಿಯದು. ಮಳೆಯೇ ಇಲ್ಲದ ಫೆಬ್ರುವರಿಯಲ್ಲೂ ಹರಡಿದರೆ ಮೇಲಿನ ಬಚ್ಚಲಿನ ಕೊಳವೆ, ನೀರಿನ ಟ್ಯಾಂಕಿನ ಜೋಡಣೆ ಅಥವಾ ಗೋಡೆಯೊಳಗಿನ ಪೈಪು ಸೋರುತ್ತಿದೆ ಎಂದರ್ಥ, ಮತ್ತು ಅದಕ್ಕೆ ಛಾವಣಿಯ ಮೇಲೆ ಖರ್ಚು ಮಾಡುವುದು ದಂಡ. ಟ್ಯಾಂಕಿನ ಕೆಳಗಿನ ಇಟ್ಟಿಗೆ ಕಟ್ಟೆಯ ಬುಡವನ್ನು ವಿಶೇಷವಾಗಿ ನೋಡಬೇಕು, ಏಕೆಂದರೆ ಅಲ್ಲಿ ವರ್ಷವಿಡೀ ತೇವವಿರುತ್ತದೆ, ಜೊತೆಗೆ ಸಾವಿರ ಲೀಟರಿನ ಟ್ಯಾಂಕು ತುಂಬಿದಾಗ ಒಂದು ಟನ್ ಭಾರ ಒಂದೇ ಕಡೆ ಕೂತಿರುತ್ತದೆ.

ತಾರಸಿಯದೇ ದೋಷವೆಂದು ಗೊತ್ತಾದ ಮೇಲೂ ನೀರು ಒಳಹೊಕ್ಕ ಜಾಗ ಕಲೆಯ ನೇರ ಮೇಲೆಯೇ ಇರಬೇಕೆಂದಿಲ್ಲ. ಹೆಚ್ಚಿನ ಮನೆಗಳಲ್ಲಿ ನೀರು ಇಳಿಯುವುದು ಮೂರು ಕಡೆ: ಪ್ಯಾರಾಪೆಟ್ ಗೋಡೆ ತಾರಸಿಯನ್ನು ಕೂಡುವ ಮೂಲೆ, ಮಳೆನೀರಿನ ಪೈಪಿನ ಬಾಯಿ, ಮತ್ತು ಮುಂದೆ ಅಂತಸ್ತು ಏರಿಸಬೇಕೆಂದು ಬಿಟ್ಟ ಕಂಬಗಳ ಕಂಬಿ. ಮೂರನೆಯದು ಬೆಂಗಳೂರಿನ ಮನೆಗಳಿಗೆ ಅಂಟಿದ ರೋಗ ಎನ್ನಬಹುದು. ಹತ್ತು ಹದಿನೈದು ವರ್ಷ ಬಯಲಿನಲ್ಲಿ ನಿಂತ ಕಂಬಿ ತುಕ್ಕು ಹಿಡಿದು, ಆ ತುಕ್ಕಿನ ಜಾಡಿನಲ್ಲೇ ನೀರು ಕೆಳಗಿಳಿಯುತ್ತದೆ. ಇನ್ನು, ಮಳೆ ನಿಂತು ಒಂದು ದಿನ ಕಳೆದ ಮೇಲೂ ತಾರಸಿಯ ನಡುವೆ ನೀರು ನಿಂತಿದ್ದರೆ ಇಳಿಜಾರು ತಪ್ಪಿದೆ. ಪ್ರತಿ ಮೀಟರಿಗೆ ಒಂದು ಸೆಂಟಿಮೀಟರಾದರೂ ಇಳಿತ ಪೈಪಿನ ಕಡೆಗೆ ಇರಬೇಕು. ಈ ದೋಷಗಳಷ್ಟೇ ಕಂಡರೆ ತಾರಸಿಯನ್ನು ತೆಗೆಯುವ ಮಾತೇ ಬೇಡ. ಮೂಲೆಗೆ ಗಾರೆಯಿಂದ ಇಳಿಜಾರು ಕಟ್ಟಿಸಿ, ಪೈಪಿನ ಬಾಯಿ ಬಿಗಿಸಿ, ಹೊರಚಾಚಿದ ಕಂಬಿಗಳನ್ನು ತುಕ್ಕು ತೆಗೆದು ಬಡಕಲು (ಸಿಮೆಂಟು ಕಡಿಮೆ ಬೆರೆಸಿದ) ಕಾಂಕ್ರೀಟಿನಲ್ಲಿ ಮುಚ್ಚಿಸಿದರೆ ಸೋರಿಕೆಯ ಬಹುಪಾಲು ನಿಲ್ಲುತ್ತದೆ.

ಆರ್‌ಸಿಸಿ ತಾರಸಿ: ಎಲ್ಲಿಯವರೆಗೆ ದುರಸ್ತಿ

ನಗರದ ಬಹುಪಾಲು ಮನೆಗಳ ಪ್ರಶ್ನೆ ಇದೇ ಆದ್ದರಿಂದ ಇದನ್ನು ವಿವರವಾಗಿ ನೋಡಬೇಕು. ಹೊಸ ಕಾಂಕ್ರೀಟು ಪ್ರಬಲವಾದ ಕ್ಷಾರ. ಅದರ ಪಿಎಚ್ ಮೌಲ್ಯ 12ರಿಂದ 13ರ ಆಸುಪಾಸಿನಲ್ಲಿರುತ್ತದೆ, ಮತ್ತು ಆ ಕ್ಷಾರವೇ ಕಂಬಿಯ ಮೇಲೆ ತೆಳುವಾದ ರಕ್ಷಣೆಯ ಪೊರೆ ಕಟ್ಟಿ ತುಕ್ಕನ್ನು ತಡೆಯುತ್ತದೆ. ವರ್ಷಗಳು ಕಳೆದಂತೆ ಗಾಳಿಯ ಇಂಗಾಲದ ಡೈಆಕ್ಸೈಡು ಮೇಲ್ಮೈಯಿಂದ ಒಳಗೆ ಇಳಿದು ಈ ಕ್ಷಾರವನ್ನು ಕುಂದಿಸುತ್ತದೆ. ಕುಂದಿದ ಪದರ ಕಂಬಿಯನ್ನು ಮುಟ್ಟಿದ ದಿನದಿಂದ, ಅಲ್ಲಿ ತೇವವೂ ಇದ್ದರೆ, ತುಕ್ಕು ಶುರು. ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಡುವುದರಿಂದ ಒಳಗಿನಿಂದಲೇ ಕಾಂಕ್ರೀಟನ್ನು ಸೀಳಿ ಹೆಕ್ಕಳೆಯಾಗಿ ಉದುರಿಸುತ್ತದೆ. ಹಳೆಯ ಮನೆಗಳಲ್ಲಿ ಕಂಬಿಯ ಕೆಳಗಿನ ಹೊದಿಕೆ ತೆಳ್ಳಗಿರುವುದು ಸಾಮಾನ್ಯ. ಭಾರತೀಯ ಮಾನಕವಾದ ಐಎಸ್ 456, 2000ದ ಪರಿಷ್ಕರಣೆಯಲ್ಲಿ ಆರ್‌ಸಿಸಿಗೆ ಎಂ20 ದರ್ಜೆಯ (ಕಾಂಕ್ರೀಟಿನ ಬಲದ ಗುರುತು) ಕಾಂಕ್ರೀಟನ್ನು ಕನಿಷ್ಠವೆಂದು ನಿಗದಿ ಮಾಡಿತು. ಅದಕ್ಕೂ ಮೊದಲು ಕಟ್ಟಿದ ಅನೇಕ ಮನೆಗಳು ಅದಕ್ಕಿಂತ ಕಡಿಮೆ ಬಲದ ಎಂ15 ದರ್ಜೆಯವು, ಅವುಗಳಲ್ಲಿ ಗಾಳಿ ಇನ್ನಷ್ಟು ಬೇಗ ಒಳಗಿಳಿಯುತ್ತದೆ.

ಇದನ್ನು ಪರೀಕ್ಷಿಸುವುದು ಕಷ್ಟವಲ್ಲ. ನಮ್ಮ ಮನೆಗೆ ಬಂದ ಸ್ಟ್ರಕ್ಚರಲ್ ಎಂಜಿನಿಯರ್ ಹಜಾರದ ಮೂಲೆಯಲ್ಲಿ ಉಳಿಯಿಂದ ಎರಡು ಬೆರಳಗಲದ ಗುಳಿ ತೋಡಿಸಿ, ಧೂಳು ಊದಿ, ಫಿನಾಲ್ಫ್ತಲೀನ್ ದ್ರಾವಣವನ್ನು ಸಿಂಪಡಿಸಿದರು. ಗುಳಿಯ ಆಳದಲ್ಲಿ ಕಾಂಕ್ರೀಟು ಕ್ಷಣಮಾತ್ರದಲ್ಲಿ ಗಾಢ ಗುಲಾಬಿಯಾಯಿತು. ಅಂಚಿನಿಂದ ಒಂದು ಸೆಂಟಿಮೀಟರಿನಷ್ಟು ಮಾತ್ರ ಬಣ್ಣ ಬದಲಾಗದೆ ಬೂದಿಯಾಗಿಯೇ ಉಳಿಯಿತು. ಗುಲಾಬಿ ಬಂದ ಭಾಗದಲ್ಲಿ ಕ್ಷಾರ ಉಳಿದಿದೆ, ಕಂಬಿಯೂ ಆ ಭಾಗದೊಳಗೇ ಇದೆ, ಹಾಗಾಗಿ ಇಲ್ಲಿ ದುರಸ್ತಿ ಸಾಕು ಎಂದರು. ಅಡುಗೆಮನೆಯಲ್ಲಿ ಅದೇ ದ್ರಾವಣ ಕಂಬಿ ದಾಟಿ ಮೇಲಿನವರೆಗೂ ಬಣ್ಣ ತೋರಿಸಲಿಲ್ಲ.

ಎರಡನೆಯ ಅಳತೆ ಕಂಬಿಯದು. ತುಕ್ಕು ಉಜ್ಜಿ ತೆಗೆದ ಮೇಲೆ ಉಳಿದ ಗಟ್ಟಿ ಕಬ್ಬಿಣದ ದಪ್ಪವನ್ನು ವರ್ನಿಯರ್ ಕ್ಯಾಲಿಪರಿನಿಂದ ಅಳೆಯಬೇಕು. ಇಲ್ಲಿ ಕಣ್ಣಂದಾಜು ಮೋಸ ಮಾಡುತ್ತದೆ. 8 ಮಿಲಿಮೀಟರ್ ಕಂಬಿ 7ಕ್ಕೆ ಇಳಿದಿದ್ದರೆ ನೋಡುವುದಕ್ಕೆ ಒಂದೇ ಮಿಲಿಮೀಟರ್ ಹೋದಂತೆ ಕಾಣುತ್ತದೆ, ಆದರೆ ಅದರ ಅಡ್ಡಕೊಯ್ತದ ವಿಸ್ತೀರ್ಣದಲ್ಲಿ ಶೇಕಡ 23ರಷ್ಟು ಹೋಗಿರುತ್ತದೆ. 6ಕ್ಕೆ ಇಳಿದಿದ್ದರೆ ಶೇಕಡ 44ರಷ್ಟು ಹೋಗಿರುತ್ತದೆ, ಅಂದರೆ ಕಂಬಿಯ ಶಕ್ತಿಯೂ ಹೆಚ್ಚುಕಡಿಮೆ ಅಷ್ಟೇ ಕಡಿಮೆಯಾಗಿರುತ್ತದೆ. ಅಲ್ಲಲ್ಲಿ ಒಂದೆರಡು ಕಂಬಿ ಸವೆದಿದ್ದರೆ ಪಕ್ಕದಲ್ಲಿ ಹೊಸ ಕಂಬಿ ಜೋಡಿಸಬಹುದು. ಸಾಲು ಸಾಲಾಗಿ ಸವೆದಿದ್ದರೆ, ಅದರಲ್ಲೂ ಕೋಣೆಯ ನಟ್ಟನಡುವೆ ಸವೆದಿದ್ದರೆ, ಆ ಭಾಗವನ್ನು ಉಳಿಸಿಕೊಳ್ಳುವ ಆಸೆ ಬಿಡುವುದು ಕ್ಷೇಮ.

ಮೂರನೆಯದು ಬಾಗು. ಒಂದು ಗೋಡೆಯಿಂದ ಎದುರು ಗೋಡೆಗೆ, ತಾರಸಿಯ ಅಡಿಗೆ ತಾಗುವಂತೆ ದಾರವನ್ನು ಬಿಗಿಯಾಗಿ ಎಳೆಯಲು ನೋಡಿದರೆ, ನಡುವೆ ತಾರಸಿ ದಾರವನ್ನು ಕೆಳಗೆ ಒತ್ತುತ್ತಿದೆಯೇ ಎಂಬುದು ಗೊತ್ತಾಗುತ್ತದೆ. ಕೋಣೆಯ ಅಗಲವನ್ನು 250ರಿಂದ ಭಾಗಿಸಿದಷ್ಟು ಬಾಗನ್ನು ಮಾನಕ ಒಪ್ಪುತ್ತದೆ. 3 ಮೀಟರ್ ಅಗಲದ ಕೋಣೆಗೆ ಅದು 12 ಮಿಲಿಮೀಟರ್. ತಾರಸಿ ಹಾಕಿದ ದಿನವೇ ಸೆಂಟ್ರಿಂಗ್ (ಹಸಿ ಕಾಂಕ್ರೀಟನ್ನು ಹೊರುವ ತಾತ್ಕಾಲಿಕ ಅಚ್ಚು) ತಗ್ಗಿದ್ದರೂ ಹೀಗೆ ಕಾಣಬಹುದು, ಆದ್ದರಿಂದ ಒಂದು ಸಲದ ಅಳತೆಯಿಂದ ಹೆದರಬೇಕಾಗಿಲ್ಲ. ಅಳತೆಯನ್ನು ಬರೆದಿಟ್ಟು ಮೂರು ನಾಲ್ಕು ತಿಂಗಳ ಮೇಲೆ ಮತ್ತೆ ಅಳೆದಾಗ ಹೆಚ್ಚಾಗಿದ್ದರೆ ಅದು ದುರಸ್ತಿಗೆ ಬಗ್ಗುವ ದೋಷವಲ್ಲ. ಅಲ್ಲಿಯವರೆಗೂ ಕಾಯದೆ ಆ ಕೋಣೆಗೆ ಅಡಿಯಿಂದ ಜಾಕಿ (ತಾತ್ಕಾಲಿಕ ಆಸರೆ ಕಂಬ) ಕೊಟ್ಟು ನಿಲ್ಲಿಸಿಕೊಳ್ಳುವುದು ಜಾಣತನ. ಬಿರುಕಿನ ಮೇಲೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿ ಅಂಟಿಸಿಡುವ ಹಳೆಯ ಉಪಾಯವೂ ಇದನ್ನೇ ಹೇಳುತ್ತದೆ: ಗಾಜು ಒಡೆದರೆ ಬಿರುಕು ಇನ್ನೂ ಚಲಿಸುತ್ತಿದೆ.

ದುರಸ್ತಿಯನ್ನೇ ಆರಿಸಿಕೊಂಡರೆ ಅದನ್ನು ಕ್ರಮವಾಗಿ ಮಾಡಿಸಬೇಕು. ಮೊದಲು ಮೇಲಿನ ನೀರು ನಿಲ್ಲಿಸಿ, ತಾರಸಿ ಒಣಗಲು ಬಿಡಬೇಕು. ಆಮೇಲೆ ಅಡಿಯಿಂದ ಜಾಕಿ ಕೊಟ್ಟು, ಬಿಟ್ಟುಕೊಂಡ ಕಾಂಕ್ರೀಟನ್ನು ಕಂಬಿಯ ಹಿಂಬದಿಯೂ ಕಾಣುವಷ್ಟು ಕೆತ್ತಿ, ತುಕ್ಕಿಲ್ಲದ ಕಂಬಿ ಸಿಗುವವರೆಗೂ ಅಕ್ಕಪಕ್ಕ ಬಿಡಿಸುತ್ತಾ ಹೋಗಬೇಕು. ಕಂಬಿಯನ್ನು ತಂತಿಯ ಬ್ರಷ್ಷಿನಿಂದ ಹೊಳಪು ಬರುವಂತೆ ಉಜ್ಜಿ, ತುಕ್ಕುನಿರೋಧಕ ಬಳಿದು, ಪಾಲಿಮರ್ ಬೆರೆಸಿದ ಗಾರೆಯನ್ನು ಪದರ ಪದರವಾಗಿ ಕಟ್ಟಬೇಕು. ಹೆಕ್ಕಳೆ ಉದುರಿದ ಜಾಗಕ್ಕೆ ಸಾದಾ ಸಿಮೆಂಟು ಮೆತ್ತಿ ಬಣ್ಣ ಹೊಡೆಯುವುದು ದುರಸ್ತಿಯಲ್ಲ, ರೋಗವನ್ನು ಕಣ್ಣಿಗೆ ಕಾಣದಂತೆ ಮಾಡುವುದು. ಒಳಗಿನ ತುಕ್ಕು ತನ್ನ ಕೆಲಸ ಮಾಡುತ್ತಲೇ ಇರುತ್ತದೆ. ಸರಿಯಾಗಿ ಹಾಕಿದ ತೇಪೆಯ ಅಂಚಿನಲ್ಲೂ ಮುಂದೆ ಹೊಸದಾಗಿ ತುಕ್ಕು ಶುರುವಾಗುವ ಸಾಧ್ಯತೆ ಇರುವುದರಿಂದ, ದುರಸ್ತಿಯಾದ ಭಾಗವನ್ನು ವರ್ಷಕ್ಕೊಮ್ಮೆ ತಟ್ಟಿ ನೋಡುವ ಅಭ್ಯಾಸ ಇಟ್ಟುಕೊಳ್ಳಬೇಕು.

ತೆಗೆದು ಹಾಕುವುದಾದರೆ ಅದರ ಕಷ್ಟಗಳನ್ನೂ ಮೊದಲೇ ತಿಳಿದಿರಬೇಕು. ಸಾಮಾನ್ಯವಾಗಿ ಅಕ್ಕಪಕ್ಕದ ಕೋಣೆಗಳ ತಾರಸಿಯನ್ನು ಒಟ್ಟಿಗೇ ಹಾಕಿರುವುದರಿಂದ, ನಡುಗೋಡೆಯ ಮೇಲೆ ಹಾಯುವ ಮೇಲುಕಂಬಿಗಳು ಎರಡೂ ಕೋಣೆಗಳಿಗೆ ಸೇರಿದವು. ಒಂದು ಕೋಣೆಯದನ್ನು ಲೆಕ್ಕವಿಲ್ಲದೆ ಕತ್ತರಿಸಿದರೆ ಪಕ್ಕದ ಕೋಣೆಯ ತಾರಸಿ ದುರ್ಬಲವಾಗುತ್ತದೆ. ನಮ್ಮ ಅಡುಗೆಮನೆಯಲ್ಲಿ ಹಳೆಯ ಕಂಬಿಗಳ ತುದಿಗಳನ್ನು ಉಳಿಸಿಕೊಂಡು ಹೊಸ ಕಂಬಿಗಳನ್ನು ಅವುಗಳೊಂದಿಗೆ ಜೋಡಿಸಿ ಕಟ್ಟಿದರು, ಪಕ್ಕದ ಹಜಾರಕ್ಕೆ ಅಷ್ಟು ದಿನವೂ ಜಾಕಿ ನಿಂತಿತ್ತು. ತಾರಸಿ ತೆಗೆದಾಗ ಇಟ್ಟಿಗೆ ಗೋಡೆಗಳು ಮೇಲಿನ ಹಿಡಿತ ಕಳೆದುಕೊಂಡು ನಿಲ್ಲುತ್ತವೆ ಎಂಬುದನ್ನೂ ಮರೆಯಬಾರದು; ನೆರೆಮನೆಯ ಗೋಡೆಗೆ ಅಂಟಿಕೊಂಡ ಮನೆಯಾದರೆ ಒಡೆಯುವ ಯಂತ್ರದ ಅದುರಿಗೆ ಅವರ ಗೋಡೆ ಬಿರಿಯಬಹುದು. ಈ ಕೆಲಸಕ್ಕೆ ಮೇಸ್ತ್ರಿಯ ಅನುಭವ ಒಂದೇ ಸಾಲದು, ಎಂಜಿನಿಯರ್ ಬರೆದುಕೊಟ್ಟ ನಕ್ಷೆ ಇರಲೇಬೇಕು.

ಇವೆರಡರ ನಡುವೆ ಮೂರನೆಯ ದಾರಿಯೊಂದಿದೆ, ಅದನ್ನು ಯಾರೂ ತಾವಾಗಿ ಹೇಳುವುದಿಲ್ಲ. ತಾರಸಿ ಸಾಧಾರಣ ಸ್ಥಿತಿಯಲ್ಲಿದ್ದು ಭಾರ ತಾಳುವ ಬಗ್ಗೆ ಮಾತ್ರ ಸಂಶಯವಿದ್ದರೆ, ಅಡಿಯಲ್ಲಿ ಉಕ್ಕಿನ ತೊಲೆ ಕೊಟ್ಟು ಕೋಣೆಯ ಅಗಲವನ್ನು ಎರಡಾಗಿ ಒಡೆಯಬಹುದು. ತಲೆಯ ಮೇಲೆ ಅರ್ಧ ಅಡಿ ಎತ್ತರ ಕಡಿಮೆಯಾಗುತ್ತದೆ, ನೋಟ ಕೊಂಚ ಕೆಡುತ್ತದೆ, ಆದರೆ ಮನೆ ಬಿಟ್ಟು ಹೋಗದೆಯೇ ಕೆಲಸ ಮುಗಿಯುತ್ತದೆ. ವಯಸ್ಸಾದವರು ಇರುವ ಮನೆಗಳಿಗೆ ನಾನು ಇದನ್ನೇ ಮೊದಲು ವಿಚಾರಿಸಿ ಎನ್ನುತ್ತೇನೆ.

ಮೇಲೆ ಮೇಲೆ ಪದರ ಹಾಕುವ ಅಭ್ಯಾಸ

ಹಳೆಯ ಗಾರೆ ಬಿರಿದಾಗ ಅದನ್ನು ತೆಗೆಯದೆ ಅದರ ಮೇಲೆಯೇ ಎರಡು ಇಂಚು ಹೊಸ ಗಾರೆ ಹಾಕುವುದು ನಮ್ಮಲ್ಲಿ ಬಹಳ ನಡೆದಿದೆ. ಅದರ ಲೆಕ್ಕ ನೋಡಿ. ಎರಡು ಇಂಚು, ಅಂದರೆ 50 ಮಿಲಿಮೀಟರ್ ಸಿಮೆಂಟು ಗಾರೆ ಪ್ರತಿ ಚದರ ಮೀಟರಿಗೆ ಸುಮಾರು 110 ಕಿಲೋ ತೂಗುತ್ತದೆ. ಜನ ಓಡಾಡುವ ತಾರಸಿಗೆ ಓಡಾಟದ ಭಾರವೆಂದು ಲೆಕ್ಕ ಹಿಡಿಯುವುದೇ ಚದರ ಮೀಟರಿಗೆ 150 ಕಿಲೋ. ಸಾವಿರ ಚದರ ಅಡಿಯ ತಾರಸಿಗೆ ಇಂಥ ಒಂದು ಪದರ ಹಾಕಿದರೆ ಹತ್ತು ಟನ್ನಿಗೂ ಮಿಕ್ಕಿದ ಭಾರವನ್ನು ಹಳೆಯ ಕಂಬಿಗಳ ಮೇಲೆ ಶಾಶ್ವತವಾಗಿ ಹೇರಿದಂತಾಯಿತು. ಇಟ್ಟಿಗೆ ಚೂರನ್ನು ಗಾರೆಯಲ್ಲಿ ಹಾಸುವ ಕೋಬಾ ಇನ್ನೂ ದಪ್ಪ, ಇನ್ನೂ ಭಾರ. ಆದುದರಿಂದ ಹಳೆಯ ಪದರ ಟೊಳ್ಳಾಗಿದ್ದರೆ ಅದನ್ನು ಪೂರ್ತಿ ಕೆತ್ತಿ ತೆಗೆದು ಹೊಸದು ಹಾಕಿಸಬೇಕು. ಗಟ್ಟಿಯಾಗಿದ್ದರೆ ಅದರ ಮೇಲೆ ತೆಳುವಾದ, ಭಾರವಿಲ್ಲದ ಲೇಪನ ಹಾಕಿಸಬೇಕು.

ಲೇಪನಗಳಲ್ಲಿ ಅಕ್ರಿಲಿಕ್ ಅಗ್ಗ, ಬಿಳಿಯದಾದರೆ ಬೇಸಿಗೆಯಲ್ಲಿ ಮನೆ ತಂಪಾಗಿಯೂ ಇರುತ್ತದೆ, ಆದರೆ ನೀರು ನಿಲ್ಲುವ ತಾರಸಿಯಲ್ಲಿ ಬೇಗ ಸುಲಿಯುತ್ತದೆ. ಪಾಲಿಯುರೇಥೇನ್ ಲೇಪನ ದುಬಾರಿ, ರಬ್ಬರಿನಂತೆ ಹಿಗ್ಗುವುದರಿಂದ ಸಣ್ಣ ಬಿರುಕುಗಳನ್ನು ತಾಳಿಕೊಂಡು ಹೆಚ್ಚು ಕಾಲ ಬಾಳುತ್ತದೆ. ಬೆಂಕಿಯಿಂದ ಕಾಯಿಸಿ ಅಂಟಿಸುವ ಡಾಂಬರಿನ ಹಾಳೆ ಚೆನ್ನಾಗಿ ನೀರು ತಡೆಯುತ್ತದೆ, ಆದರೆ ಜೋಡಣೆಯಲ್ಲಿ ಒಂದೆಡೆ ಬಿಟ್ಟುಕೊಂಡರೂ ನೀರು ಅಡಿಯಲ್ಲೆಲ್ಲ ಹರಿದು ದೋಷದ ಜಾಗ ಹುಡುಕುವುದೇ ಕಷ್ಟವಾಗುತ್ತದೆ.

ಇನ್ನೊಂದು ಉಪಾಯವೆಂದರೆ ತಾರಸಿಯ ಮೇಲೆ ಕಬ್ಬಿಣದ ಚೌಕಟ್ಟು ನಿಲ್ಲಿಸಿ ಬಣ್ಣದ ಶೀಟು ಹೊದಿಸುವುದು. ಬೆಂಗಳೂರಿನ ಯಾವ ಬಡಾವಣೆಯಲ್ಲಿ ನಿಂತು ನೋಡಿದರೂ ಇಂಥ ಹತ್ತು ಮನೆಗಳು ಕಾಣುತ್ತವೆ. ಮಳೆಯೂ ಬಿಸಿಲೂ ತಾರಸಿಗೆ ತಾಗುವುದಿಲ್ಲ, ಬಟ್ಟೆ ಒಣಹಾಕಲು ಜಾಗವಾಗುತ್ತದೆ. ಕಾಂಕ್ರೀಟು ಗಟ್ಟಿಯಾಗಿದ್ದು ಲೇಪನ ಮಾತ್ರ ಪದೇ ಪದೇ ಕೆಡುತ್ತಿರುವ ಮನೆಗೆ ಇದು ಒಳ್ಳೆಯ ಆಯ್ಕೆಯೇ. ಕಂಬಿಗೆ ತುಕ್ಕು ಹಿಡಿದಿರುವ ಮನೆಗೆ ಮಾತ್ರ ಇದು ಅಪಾಯಕಾರಿ, ಏಕೆಂದರೆ ಸೋರುವುದು ನಿಂತ ಕೂಡಲೇ ಮನೆಯವರು ಮೇಲೆ ನೋಡುವುದನ್ನೇ ಬಿಡುತ್ತಾರೆ. ಕಂಬಗಳ ಬುಡವನ್ನು ತಾರಸಿಗೆ ಕೊರೆದು ನಿಲ್ಲಿಸುವುದರಿಂದ ಆ ತೂತುಗಳೇ ಹೊಸ ಸೋರಿಕೆಯಾಗಬಲ್ಲವು. ಮುಂಗಾರುಪೂರ್ವದ ಬಿರುಗಾಳಿ ಶೀಟನ್ನು ಅಡಿಯಿಂದ ಎತ್ತುವುದರಿಂದ ಬೋಲ್ಟುಗಳ ಹಿಡಿತವೂ ಚೌಕಟ್ಟಿನ ಭದ್ರತೆಯೂ ಮುಖ್ಯ. ಕಂಬಗಳನ್ನು ತಾರಸಿಯ ನಡುವೆ ನಿಲ್ಲಿಸದೆ ಗೋಡೆಗಳ ನೇರಕ್ಕೇ ನಿಲ್ಲಿಸುವಂತೆ ನೋಡಿಕೊಳ್ಳಬೇಕು.

ಮದ್ರಾಸ್ ತಾರಸಿ ಮತ್ತು ಹೆಂಚು

ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳ ಹಳೆಯ ಮನೆಗಳಲ್ಲಿ ಇಂದಿಗೂ ಮದ್ರಾಸ್ ತಾರಸಿ ಉಳಿದಿದೆ. ಮರದ ತೊಲೆಗಳ ಮೇಲೆ ತೆಳು ಇಟ್ಟಿಗೆಗಳನ್ನು ಓರೆಯಾಗಿ, ಅಂಚಿನ ಮೇಲೆ ನಿಲ್ಲಿಸಿ ಸುಣ್ಣದ ಗಾರೆಯಲ್ಲಿ ಜೋಡಿಸಿ, ಅದರ ಮೇಲೆ ಇಟ್ಟಿಗೆ ಜಲ್ಲಿ ಮತ್ತು ಸುಣ್ಣವನ್ನು ದಿನಗಟ್ಟಲೆ ಬಡಿದು ಗಟ್ಟಿ ಮಾಡಿ, ಮೇಲೆ ಚಪ್ಪಟೆ ಹೆಂಚು ಹಾಸಿದ ಕಟ್ಟಡವಿದು. ಇದರಲ್ಲಿ ಕಂಬಿಯೇ ಇಲ್ಲದ್ದರಿಂದ ತುಕ್ಕಿನ ಭಯವಿಲ್ಲ. ಇದರ ಶತ್ರುಗಳು ತೇವ ಮತ್ತು ಗೆದ್ದಲು, ಅವೂ ತೊಲೆಯ ತುದಿ ಗೋಡೆಯೊಳಗೆ ಹೊಕ್ಕ ಜಾಗದಲ್ಲಿ. ಚೂಪಾದ ಉಳಿಯನ್ನೋ ದೊಡ್ಡ ಸ್ಕ್ರೂಡ್ರೈವರನ್ನೋ ಆ ತುದಿಗೆ ಚುಚ್ಚಿ ನೋಡಬೇಕು. ಮೇಲಷ್ಟೇ ಕೆರೆದು ನಿಂತರೆ ಮರ ಗಟ್ಟಿಯಾಗಿದೆ. ಬೆಣ್ಣೆಗೆ ಇಳಿದಂತೆ ಒಳಗಿಳಿದರೆ ಆ ತೊಲೆ ಹೋಯಿತು. ಹೋದ ತೊಲೆಗಳನ್ನು ಒಂದೊಂದಾಗಿ ಬದಲಿಸಬಹುದು, ಅಥವಾ ತುದಿಗೆ ಉಕ್ಕಿನ ಪಟ್ಟಿಗಳನ್ನು ಎರಡೂ ಬದಿಗೆ ಕಚ್ಚಿಸಿ ಬಲಪಡಿಸಬಹುದು.

ಇಲ್ಲಿ ಆಗುವ ದೊಡ್ಡ ಅನ್ಯಾಯವೆಂದರೆ ಸುಣ್ಣದ ತಾರಸಿಯ ಮೇಲೆ ಸಿಮೆಂಟು ಗಾರೆ ಬಳಿಯುವುದು. ಸುಣ್ಣ ತೇವವನ್ನು ಹೀರಿ ಬಿಸಿಲಿಗೆ ಬಿಟ್ಟುಕೊಡುತ್ತದೆ. ಸಿಮೆಂಟು ಅದನ್ನು ಒಳಗೇ ಹಿಡಿದಿಡುತ್ತದೆ, ಆ ತೇವ ಕೆಳಗಿಳಿದು ತೊಲೆಯನ್ನು ತಿನ್ನುತ್ತದೆ. ನೂರು ವರ್ಷ ಬಾಳಿದ ಮಾಳಿಗೆ ಇಂಥ ದುರಸ್ತಿಯಿಂದಲೇ ಹಾಳಾದುದನ್ನು ನಾನು ನೋಡಿದ್ದೇನೆ, ನೋಡಿ ಬಹಳ ನೊಂದಿದ್ದೇನೆ. ಸುಣ್ಣದ ಕೆಲಸ ಬಲ್ಲವರು ಕಡಿಮೆಯಾಗಿದ್ದಾರೆ, ಆದರೆ ಇಲ್ಲವೇ ಇಲ್ಲ ಎನ್ನುವಂತಿಲ್ಲ. ಪಾರಂಪರಿಕ ಕಟ್ಟಡಗಳಲ್ಲಿ ಆಸಕ್ತಿಯಿರುವ ಇಂಟ್ಯಾಕ್ ಸಂಸ್ಥೆಯ ಬೆಂಗಳೂರು ಶಾಖೆಯಂಥ ಕಡೆ ವಿಚಾರಿಸಬಹುದು. ಮುಕ್ಕಾಲು ತೊಲೆಗಳು ಗಟ್ಟಿಯಾಗಿರುವವರೆಗೆ ಮದ್ರಾಸ್ ತಾರಸಿಯನ್ನು ದುರಸ್ತಿ ಮಾಡಿಸಬೇಕೆಂಬುದೇ ನನ್ನ ಅಭಿಪ್ರಾಯ. ಪ್ಯಾರಾಪೆಟ್ಟಿನ ಸಂದಿನಲ್ಲಿ ಮೊಳೆತ ಅರಳಿಯ ಸಸಿಯನ್ನು ಕಿತ್ತುಹಾಕುವುದನ್ನು ಮಾತ್ರ ಒಂದು ಮಳೆಗಾಲವೂ ಮುಂದೂಡಬಾರದು.

ಹೆಂಚಿನ ಛಾವಣಿಯ ವಿಷಯ ಇಷ್ಟು ಕಠಿಣವಲ್ಲ. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಮೇಲೆ ಹರಡಿದ ಈ ಹೆಂಚುಗಳು ಸುಲಭವಾಗಿ ಬದಲಿಸುವಂತೆಯೇ ರೂಪುಗೊಂಡಿವೆ. ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸಿ, ಮಂಗ ಹಾರಿಯೋ ತೆಂಗಿನಗರಿ ಬಿದ್ದೋ ಒಡೆದವನ್ನು ತೆಗೆದು ಹೊಸದು ಕೂರಿಸಿದರೆ ವರ್ಷದ ಕೆಲಸ ಮುಗಿಯಿತು. ಬೇರೆ ಬೇರೆ ಕಾರ್ಖಾನೆಗಳ ಹೆಂಚುಗಳ ಗಾಡಿ (ಅಂಚಿನ ತೋಡು) ಒಂದಕ್ಕೊಂದು ಸರಿಯಾಗಿ ಕಚ್ಚಿಕೊಳ್ಳದ ಕಾರಣ, ಹೊಸದನ್ನು ತರುವಾಗ ಹಳೆಯದೊಂದನ್ನು ಕೈಯಲ್ಲಿ ಹಿಡಿದು ಹೋಗುವುದು ಒಳ್ಳೆಯದು. ಹೆಂಚಿನ ಸಾಲು ಅಲೆಯಂತೆ ತಗ್ಗಿರುವುದು ಬೀದಿಯಿಂದಲೇ ಕಾಣುತ್ತಿದ್ದರೆ ದೋಷ ರೀಪು ತೊಲೆಗಳದು; ಆಗ ಹೆಂಚನ್ನೆಲ್ಲ ಇಳಿಸಿ ಚೌಕಟ್ಟನ್ನು ಮರದಲ್ಲೋ ಉಕ್ಕಿನಲ್ಲೋ ಹೊಸದಾಗಿ ಕಟ್ಟಿಸಿ, ಅದೇ ಹೆಂಚನ್ನು ಮತ್ತೆ ಏರಿಸಬಹುದು.

ಕಲ್ನಾರಿನ ಸಿಮೆಂಟ್ ಶೀಟು ಹೊದಿಸಿದ ಮನೆಗಳಿಗೆ ನನ್ನ ಉತ್ತರ ಒಂದೇ: ತೇಪೆ ಹಾಕಬೇಡಿ, ಬದಲಿಸಿ. ಎಲ್ಲ ಬಗೆಯ ಕಲ್ನಾರೂ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿದೆ. ಶೀಟು ಮುಟ್ಟದೆ ಇದ್ದಷ್ಟು ದಿನ ಅಪಾಯ ಕಡಿಮೆ, ಕೊರೆದಾಗ, ಕತ್ತರಿಸಿದಾಗ, ಒಡೆದಾಗ ಅದರ ಎಳೆಗಳು ಗಾಳಿಗೆ ಬಂದು ಶ್ವಾಸಕೋಶ ಸೇರುತ್ತವೆ. ದುರಸ್ತಿಯೆಂದರೆ ಕೊರೆಯುವುದೇ ಆದ್ದರಿಂದ ದುರಸ್ತಿಯೇ ಅಪಾಯ. ತೆಗೆಯುವಾಗ ಶೀಟನ್ನು ನೀರಿನಿಂದ ಚೆನ್ನಾಗಿ ನೆನೆಸಿ, ಒಡೆಯದೆ ಇಡಿಯಾಗಿ ಇಳಿಸಿ, ಕೆಲಸಗಾರರಿಗೆ ಸರಿಯಾದ ಮುಖಗವಸು ಕೊಟ್ಟು, ಬಿದ್ದ ಪುಡಿಯನ್ನು ಒಣಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕು. ಮಕ್ಕಳನ್ನು ಆ ದಿನ ಮನೆಯಲ್ಲಿ ಇರಿಸಿಕೊಳ್ಳಬಾರದು.

ಕಾಯಿದೆ, ದರಪಟ್ಟಿ, ಕಾಲ

ತಾರಸಿಯ ಲೇಪನ, ಹೆಂಚು ಬದಲಾವಣೆಗಳಂಥ ಕೆಲಸ ಬೇರೆ, ಮನೆ ಕೆಡವಿ ಕಟ್ಟುವುದು ಬೇರೆ. ಎರಡನೆಯದಕ್ಕೆ ನಕ್ಷೆ ಮಂಜೂರಾತಿ ಬೇಕು, ಮತ್ತು ಆಗ ಇಂದಿನ ಸೆಟ್‌ಬ್ಯಾಕ್ ನಿಯಮ (ಮನೆಯ ಸುತ್ತ ಬಿಡಬೇಕಾದ ಜಾಗದ ನಿಯಮ) ಅನ್ವಯಿಸುತ್ತದೆ. ಗೋಡೆಗೆ ಗೋಡೆ ತಾಗಿಸಿ ಕಟ್ಟಿದ ಹಳೆಯ ಪೇಟೆಯ ಮನೆಯನ್ನು ಕೆಡವಿದರೆ ಅಷ್ಟೇ ಅಗಲದ ಮನೆ ಮತ್ತೆ ಏಳದಿರಬಹುದು. ಛಾವಣಿಯ ಖರ್ಚನ್ನು ಲೆಕ್ಕ ಹಾಕುವವರು ಹಾಗೆ ಕಳೆದುಕೊಳ್ಳಬಹುದಾದ ಜಾಗವನ್ನೂ ಲೆಕ್ಕಕ್ಕೆ ತರಬೇಕು. ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಈಗ ಐದು ಪಾಲಿಕೆಗಳಿರುವುದರಿಂದ, ನಿಮ್ಮ ಮನೆ ಯಾವ ಪಾಲಿಕೆಗೆ ಸೇರುತ್ತದೆಂದು ನೋಡಿಕೊಂಡು ಅಲ್ಲಿಯೇ ವಿಚಾರಿಸಬೇಕು. ಅಪಾರ್ಟ್‌ಮೆಂಟಿನಲ್ಲಿ ಛಾವಣಿ ಎಲ್ಲ ಮಾಲೀಕರಿಗೂ ಸೇರಿದ ಸಾಮಾನ್ಯ ಭಾಗ. ಮೇಲಂತಸ್ತಿನವರ ಕೋಣೆ ಸೋರಿದರೂ ಖರ್ಚು ಸಂಘದ್ದು, ನಿರ್ಧಾರವೂ ಸಂಘದ್ದು.

ಇಳಿಜಾರನ್ನು ಹೇಗಿದ್ದರೂ ಸರಿಪಡಿಸುವಾಗ ಮಳೆನೀರು ಸಂಗ್ರಹಕ್ಕೂ ಅದೇ ಸಮಯ. ನಗರದಲ್ಲಿ ವರ್ಷಕ್ಕೆ ಸರಾಸರಿ 970 ಮಿಲಿಮೀಟರ್ ಆಸುಪಾಸು ಮಳೆಯಾಗುವುದರಿಂದ, 100 ಚದರ ಮೀಟರ್ ತಾರಸಿಯ ಮೇಲೆ ಸುಮಾರು 97,000 ಲೀಟರ್ ನೀರು ಬೀಳುತ್ತದೆ. ಅದನ್ನು ಸಂಪ್‌ಗೆ (ನೆಲದಡಿಯ ತೊಟ್ಟಿಗೆ) ತಿರುಗಿಸುವ ಪೈಪನ್ನು ಈಗಲೇ ಇಡಿಸಿದರೆ ಮುಂದೆ ಹೊಸ ಲೇಪನವನ್ನು ಒಡೆಯಬೇಕಾಗುವುದಿಲ್ಲ.

ದರ ಕೇಳುವಾಗ ಎಲ್ಲರಿಗೂ ಒಂದೇ ಕೆಲಸದ ಪಟ್ಟಿ ಕೊಡಿ: ಎಷ್ಟು ಚದರ ಅಡಿ ಕೆತ್ತಬೇಕು, ಕಂಬಿ ಸೇರಿಸುವುದಕ್ಕೆ ಕಿಲೋ ಲೆಕ್ಕವೇ, ಲೇಪನ ಎಷ್ಟು ಕೋಟು ಮತ್ತು ಎಷ್ಟು ದಪ್ಪ, ಜಾಕಿಯ ಬಾಡಿಗೆ ಯಾರದು, ಕೆಡವಿದ ಮಣ್ಣುಕಲ್ಲು ಎಲ್ಲಿಗೆ ಹೋಗುತ್ತದೆ. ಚದರ ಅಡಿಗೆ ಇಷ್ಟು ಎಂಬ ಒಂದೇ ಸಂಖ್ಯೆಯ ದರಪಟ್ಟಿಯನ್ನು ಹೋಲಿಸಿ ನೋಡಲು ಬರುವುದಿಲ್ಲ. ಗ್ಯಾರಂಟಿಯನ್ನು ಬರಹದಲ್ಲಿ ಪಡೆಯಿರಿ. ಅದರಲ್ಲಿ ಸಾಮಗ್ರಿಗೆ ಎಷ್ಟು ವರ್ಷ, ಕೆಲಸಕ್ಕೆ ಎಷ್ಟು ವರ್ಷ ಎಂದು ಬೇರೆ ಬೇರೆಯಾಗಿ ಬರೆದಿರಬೇಕು.

ಕೆಲಸವನ್ನು ಜನವರಿಯಿಂದ ಮಾರ್ಚಿಯೊಳಗೆ ಮುಗಿಸುವುದು ಉತ್ತಮ. ತಾರಸಿ ಹೊಸದಾಗಿ ಹಾಕಿಸಿದರೆ, ಬಿಸಿಲಿನ ಆ ದಿನಗಳಲ್ಲಿ ಇಂದಿನ ಪಿಪಿಸಿ (ಹಾರುಬೂದಿ ಬೆರೆಸಿದ) ಸಿಮೆಂಟಿಗೆ ಎರಡು ವಾರ ನೀರು ಕಟ್ಟಿ ಕ್ಯೂರಿಂಗ್ ಮಾಡಬೇಕು. ನಲ್ಲಿಯ ನೀರು ಸಾಲದೆ ಟ್ಯಾಂಕರ್ ತರಿಸಬೇಕಾದರೂ ಇದರಲ್ಲಿ ಉಳಿತಾಯ ನೋಡಬಾರದು. ನಾಲ್ಕೂವರೆ ಮೀಟರಿಗಿಂತ ಅಗಲದ ಕೋಣೆಯಾದರೆ ಎರಡು ವಾರ ಕಳೆಯುವವರೆಗೆ ಜಾಕಿ ತೆಗೆಯಲು ಬಿಡಬೇಡಿ. ಲೇಪನವಷ್ಟೇ ಆದರೆ ಅದು ಪೂರ್ತಿ ಒಣಗಿದ ಮೇಲೆ ಪೈಪಿನ ಬಾಯಿಗಳನ್ನು ಮುಚ್ಚಿ, ತಾರಸಿಯ ಮೇಲೆ ಒಂದು ಇಂಚು ನೀರನ್ನು ಎರಡು ದಿನ ನಿಲ್ಲಿಸಿ, ಕೆಳಗೆ ಬಂದು ಹಳೆಯ ಪೆನ್ಸಿಲ್ ಗೆರೆಗಳನ್ನು ಟಾರ್ಚ್ ಬೆಳಕಿನಲ್ಲಿ ನೋಡಿ. ಒಣಗಿದ್ದರೆ ಕೊನೆಯ ಕಂತಿನ ಹಣ ಕೊಡಿ.